ಒಂದೇ ಪೊಟ್ಟಣದ ಕೊಕ್ಕೆಗೆ ಎರಡು ಪರೀಕ್ಷೆ

ಬೆಳ್ಳಿ ಪರೀಕ್ಷಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಮೊದಲು ಕ್ಷಮಾಯಾಚನೆ. ನನ್ನ ಹಿಂದಿನ ಪತ್ರದಲ್ಲಿ ಮೂರು ದಿನಾಂಕಗಳು ತಪ್ಪಿದ್ದವು. ತಮ್ಮ ಕಚೇರಿ ಅವನ್ನು ಎರಡು ಪುಟಗಳಲ್ಲಿ ಎತ್ತಿ ತೋರಿಸಿ, 'ಆದುದರಿಂದ ದೂರು ಪರಿಗಣನಾರ್ಹವಲ್ಲ' ಎಂದು ಮುಗಿಸಿದೆ. ಇಷ್ಟು ಸೂಕ್ಷ್ಮವಾದ ಕಣ್ಣಿಗೆ ಹಿತ್ತಾಳೆಯೊಂದು ಮಾತ್ರ ಬೀಳದೆ ಹೋದದ್ದು ಹೇಗೆ?

ನನ್ನ ಸೊಸೆ ಮನೆಯ ಮುಂದಿನ ಕೋಣೆಯಲ್ಲಿ ಮಣಿಯ ಓಲೆಗಳನ್ನು ಕಟ್ಟಿ ಮಾರುತ್ತಾಳೆ. ಮಣಿ ಪೋಣಿಸುವ ಕೈ ಅವಳದು. ಕಿವಿಗೆ ತೂರಿಸುವ ಕೊಕ್ಕೆ ಸಗಟು ವ್ಯಾಪಾರಿಯದು. ಪ್ರತಿ ಕೊಕ್ಕೆಯ ಮೇಲೂ ೯೨೫ ಎಂಬ ಅಂಕಿ, ಎಂದರೆ ಸಾವಿರ ಪಾಲಿನಲ್ಲಿ ಅಷ್ಟು ಪಾಲು ಬೆಳ್ಳಿ. ಪೊಟ್ಟಣದ ಮೇಲೆ ತಮ್ಮ ಮುದ್ರೆ. ಬಣ್ಣ ಕಂಡು ಅನುಮಾನಗೊಂಡು ಅವಳೇ ಪೊಟ್ಟಣವನ್ನು ತಮ್ಮಲ್ಲಿಗೆ ತಂದಳು. ಪರೀಕ್ಷಕರು ಭೂತಗನ್ನಡಿಯಲ್ಲಿ ಅಂಕಿಯನ್ನು ಓದಿದರು. ಸೂಜಿಗಲ್ಲು ಹಿಡಿದರು, ಕೊಕ್ಕೆ ಅಂಟಲಿಲ್ಲ.

“ಬೆಳ್ಳೀನೇ ಕಣಮ್ಮ. ಬರೆದೇ ಇದೆಯಲ್ಲ.”

“ಹಿತ್ತಾಳೆನೂ ಅಂಟಲ್ಲ ಅಣ್ಣ. ಒಂದ್ಸಲ ಅರದಲ್ಲಿ ಉಜ್ಜಿ ನೋಡಿ.”

“ಉಜ್ಜಿದ್ರೆ ಮಾಲು ಹಾಳಾಗುತ್ತೆ. ಸಗಟಿನವ್ರು ಸುಮ್ನಿರ್ತಾರಾ?”

ಕೊಕ್ಕೆಯ ಮೇಲಿದ್ದ ಆ ಕರುಣೆ ಕಿವಿಗಳ ಪಾಲಿಗೆ ಉಳಿಯಲಿಲ್ಲ. ಓಲೆ ಕೊಂಡ ಶಿಕ್ಷಕಿಯೊಬ್ಬರ ಕಿವಿಗಳು ಬಾತು ಕೀವು ತುಂಬಿದವು, ಅವರು ತಮ್ಮಲ್ಲಿಗೆ ದೂರಿತ್ತರು. ಆಗ ಅದೇ ಪರೀಕ್ಷಕರು ಅದೇ ಪೊಟ್ಟಣದ ಕೊಕ್ಕೆಗೆ ಅರ ಹಿಡಿದರು. ಒಂದೇ ಉಜ್ಜಿಗೆ ಹಳದಿ ಇಣುಕಿತು. ಒಂದು ಹನಿ ಆಮ್ಲ ಬಿದ್ದೊಡನೆ ಹಸಿರು ನೊರೆ. ಸೊಸೆಯ ಪರವಾನಗಿ ರದ್ದಾಯಿತು. 'ನಕಲಿ ಮಾಲು' ಎಂಬ ಚೀಟಿ ನಮ್ಮ ಬಾಗಿಲಿಗೆ ಬಿತ್ತು. ಸಗಟು ಅಂಗಡಿಯಲ್ಲಿ ತಮ್ಮ ಮುದ್ರೆಯ ಪೊಟ್ಟಣಗಳು ಇಂದಿಗೂ ಮಾರಾಟವಾಗುತ್ತಿವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ತಾವು ನಿಯಮಾವಳಿಗೆ ಸೇರಿಸಿದ್ದು ಯಾವಾಗ? ವ್ಯಾಪಾರಿಯ ಪೆಟ್ಟಿಗೆಯಲ್ಲಿ ಬೆಳ್ಳಿಯಾಗಿದ್ದ ಲೋಹ ನಮ್ಮ ಹೊಸ್ತಿಲು ದಾಟಿದೊಡನೆ ಹಿತ್ತಾಳೆಯಾಗುವುದಾದರೆ, ಆ ಹೊಸ್ತಿಲನ್ನೂ ಒಮ್ಮೆ ಪರೀಕ್ಷಿಸಬೇಕಲ್ಲವೇ?

ಚೀಟಿ ಕಂಡ ಆ ಶಿಕ್ಷಕಿ ಸ್ವತಃ ಬಂದು, “ನಾನು ದೂರಿದ್ದು ಕೊಕ್ಕೆ ಮೇಲೆ ಕಣಮ್ಮ, ನಿನ್ನ ಮೇಲಲ್ಲ,” ಎಂದರು. ಸೊಸೆ ಆಗ ಕಟ್ಟಿದ ಓಲೆಗಳನ್ನೆಲ್ಲ ಬಿಚ್ಚಿ, ಮಣಿಗಳನ್ನು ಬಣ್ಣವಾರು ಡಬ್ಬಿಗಳಿಗೆ ತುಂಬುತ್ತಿದ್ದಳು.

ಆದುದರಿಂದ, ಸಗಟು ಅಂಗಡಿಯಿಂದಲೇ ಒಂದು ಕೊಕ್ಕೆಯನ್ನು ತೆಗೆದು, ಅವಳ ಎದುರಿನಲ್ಲಿ ಅದೇ ಅರದಿಂದ ಉಜ್ಜಿರಿ. ಹಳದಿ ಕಂಡರೆ ಪರವಾನಗಿಯನ್ನು ಹಿಂದಿರುಗಿಸಿ, ಬಾಗಿಲ ಚೀಟಿಯನ್ನು ತಾವೇ ಕೆರೆದು ತೆಗೆಯಿರಿ. ಅಂಟು ಗಟ್ಟಿಯಾಗಿದೆ, ನೀರು ನಾವು ಕೊಡುತ್ತೇವೆ.

ಇಂತಿ,
ದಿನಾಂಕ ತಪ್ಪಿದ, ಲೋಹ ತಪ್ಪದ
ಓಲೆಯವಳ ಮಾವ

ತಿದ್ದಿದ ದಿನಾಂಕಗಳು:
ಕಚೇರಿಯು ಕೊಕ್ಕೆಯನ್ನು ಬೆಳ್ಳಿಯೆಂದದ್ದು: ಮಾರ್ಚ್ ೪ (೧೪ ಅಲ್ಲ)
ಅದನ್ನೇ ಹಿತ್ತಾಳೆಯೆಂದದ್ದು: ಏಪ್ರಿಲ್ ೯ (೬ ಅಲ್ಲ)
ಪರವಾನಗಿ ರದ್ದಾದದ್ದು: ಏಪ್ರಿಲ್ ೯, ಅದೇ ಮಧ್ಯಾಹ್ನ (೧೦ ಅಲ್ಲ; ಇಷ್ಟು ವೇಗವನ್ನು ನಾನು ನಂಬಿರಲಿಲ್ಲ)
ಸಗಟು ವ್ಯಾಪಾರಿಯ ಕೊಕ್ಕೆಗೆ ಅರ ತಾಗಿದ್ದು: ........ (ತಾವೇ ತುಂಬಿರಿ)