ಇಲ್ಲದ ಮಗುವಿಗೆ ಪ್ರತಿ ಬುಧವಾರದ ಕರೆ

‘ತಾಯಿಮಾತು’ ದೂರವಾಣಿ ಆರೋಗ್ಯ ಯೋಜನೆಯ ಅಧಿಕಾರಿಗಳಿಗೆ, ಕೋಲಾರ

ಮಾನ್ಯರೇ,

ನಮ್ಮ ಮಗು ತೀರಿಕೊಂಡಿದೆ. ಊರಿಗೆಲ್ಲ ತಿಳಿದಿರುವ ಈ ಸಂಗತಿ ನಿಮ್ಮ ಕಂಪ್ಯೂಟರಿಗೆ ಮಾತ್ರ ಇನ್ನೂ ತಿಳಿದಿಲ್ಲ. ಅದು ಈಗಲೂ ಪ್ರತಿ ಬುಧವಾರ ಫೋನ್ ಮಾಡಿ ಮಗುವಿನ ಕ್ಷೇಮ ವಿಚಾರಿಸುತ್ತಿದೆ.

ನಾನು ಮುಳಬಾಗಿಲು ತಾಲ್ಲೂಕಿನ ಬೈರಕೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವನು. ಹೆಂಡತಿ ಚಂದನ ಗರ್ಭಿಣಿಯಾದಾಗ ನಮ್ಮೂರಿನ ಆಶಾ ಕಾರ್ಯಕರ್ತೆ ಮುನಿಯಲ್ಲಮ್ಮ ಬಂದು ನಿಮ್ಮ ಯೋಜನೆಗೆ ಸೇರಿಸಿದರು. ಮನೆಯಲ್ಲಿರುವುದು ಒಂದೇ ಫೋನು, ಅದು ನನ್ನದು. ಅದರ ನಂಬರನ್ನೇ ಕೊಟ್ಟೆವು. ಬುಧವಾರ ಬುಧವಾರ ಹೆಣ್ಣು ದನಿಯೊಂದು “ಅಮ್ಮಾ, ನಮಸ್ಕಾರ” ಎಂದು ಮಾತು ಶುರುಮಾಡುತ್ತಿತ್ತು. ನಾನು, ಚಂದನ, ನನ್ನ ತಾಯಿ ಶ್ಯಾಮಲಮ್ಮ, ಮೂವರೂ ಸ್ಪೀಕರ್ ಹಾಕಿಕೊಂಡು ಕೇಳುತ್ತಿದ್ದೆವು. ಸುಳ್ಳು ಹೇಳಲಾರೆ, ಅದರಿಂದ ಉಪಕಾರವಾಗಿದೆ. ಕಾಲು ಊದಿದರೆ ಕೂಡಲೇ ತೋರಿಸಿ ಎಂದು ಆ ದನಿ ಹೇಳಿದ್ದರಿಂದಲೇ ಒಮ್ಮೆ ಆಸ್ಪತ್ರೆಗೆ ಓಡಿದೆವು.

ಎಂಟನೇ ತಿಂಗಳಲ್ಲಿ ಮಗುವಿನ ಚಲನೆ ನಿಂತಿತು. ಹೆಣ್ಣು ಮಗು. ಹುಟ್ಟುವಾಗಲೇ ಜೀವವಿರಲಿಲ್ಲ.

ಮುಂದಿನ ಬುಧವಾರ ನಾನು ಅಂಗಡಿಯಲ್ಲಿದ್ದೆ. ಕೈಯೆಲ್ಲ ವಾರ್ನಿಷ್. ಫೋನ್ ಬಂತು. ಮೋಟಾರು ತಂದಿದ್ದ ಪಕ್ಕದೂರಿನ ಚನ್ನರಾಯಪ್ಪನವರು ಉಪಕಾರಕ್ಕೆಂದು ತಾವೇ ಸ್ಪೀಕರ್ ಒತ್ತಿದರು. “ಅಮ್ಮಾ, ನಿಮ್ಮ ಕಂದ ಈಗ ನಿಮ್ಮ ದನಿಯನ್ನು ಗುರುತಿಸುತ್ತದೆ” ಎಂದಿತು ನಿಮ್ಮ ಯಂತ್ರ.

“ಏನ್ಲಾ ಶ್ರೀಧರಾ, ಹೇಳ್ಲೇ ಇಲ್ವಲ್ಲೋ! ಸ್ವೀಟ್ ಯಾವಾಗ?” ಅಂದರು ಅವರು.

“ಮೋಟ್ರು ಸಂಜೆಗೆ ಆಗುತ್ತೆ ಚನ್ನರಾಯಪ್ಪಣ್ಣ, ಆಮೇಲ್ ಬನ್ನಿ” ಅಂದೆ.

ಮುನಿಯಲ್ಲಮ್ಮನವರ ಬಳಿ ಹೋಗಿ ಇದನ್ನು ನಿಲ್ಲಿಸಿ ಎಂದೆ. ಆಕೆ ನನ್ನೆದುರೇ ತಮ್ಮ ಮೊಬೈಲ್ ತೆಗೆದು ಏನೇನೋ ಒತ್ತಿದರು. “ಹೆರಿಗೆ ಆಯ್ತು ಅಂತ ಹಾಕ್ದೆ ಅಣ್ಣಾ. ಪಾಪ ಉಳೀಲಿಲ್ಲ ಅಂತ ಹಾಕೋಕೆ ಇದ್ರಲ್ಲಿ ಜಾಗಾನೇ ತೋರಿಸ್ತಿಲ್ಲ. ನಾನೇನ್ ಮಾಡ್ಲಿ ಹೇಳು?” ಎಂದು ಕಣ್ಣೊರೆಸಿಕೊಂಡರು. ಅದರ ಫಲವೇನು ಗೊತ್ತೇ? ಮಣ್ಣಿಗಿಟ್ಟು ಬಂದ ಮಗು ನಿಮ್ಮ ಕಂಪ್ಯೂಟರಿನಲ್ಲಿ ಆರೋಗ್ಯವಾಗಿ ಹುಟ್ಟಿತು. ಅಲ್ಲಿಂದ ಮುಂದೆ ಎದೆಹಾಲಿನ ಮಾತು, ಲಸಿಕೆಯ ಮಾತು.

ಅಂಗಡಿ ಮುಚ್ಚಿ ಕೋಲಾರದ ನಿಮ್ಮ ಕಚೇರಿಗೆ ಬಂದೆ. ನಿಮ್ಮ ಸಿಬ್ಬಂದಿಯಲ್ಲೊಬ್ಬರು ಬಹಳ ಮರ್ಯಾದೆಯಿಂದ ಕೂರಿಸಿದರು. “ಸರ್, ಕಾಲ್ ಇಲ್ಲಿಂದ ಹೋಗಲ್ಲ, ಮೇಲಿಂದ ಬರುತ್ತೆ. ನೀವೇ ಬ್ಲಾಕ್ ಮಾಡ್ಕೊಂಡ್ಬಿಡಿ” ಅಂದರು. ಮಾಡಿದೆ. ಮುಂದಿನ ಬುಧವಾರ ಬೇರೆ ನಂಬರಿನಿಂದ ಬಂತು. ನನ್ನ ನಂಬರನ್ನೇ ಬದಲಿಸಲೇ? ಸುತ್ತಮುತ್ತಲ ರೈತರೆಲ್ಲ ಮೋಟಾರು ಸುಟ್ಟಾಗ ಕರೆಯುವುದು ಇದೇ ನಂಬರಿಗೆ. ಮೇಲೆ ಎಂದರೆ ಎಲ್ಲಿ ಸ್ವಾಮಿ? ಯಾವ ಮಹಡಿ? ಅಲ್ಲಿ ಮನುಷ್ಯರು ಯಾರಾದರೂ ಕೂತಿದ್ದಾರೆಯೇ?

ಚಂದನಳ ಕಿವಿಗೆ ಬೀಳದಂತೆ ಬುಧವಾರಗಳಂದು ಫೋನನ್ನು ಅಂಗಡಿಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಮಗುವಿನ ಮಾತೆತ್ತಬಾರದೆಂಬುದು ಮನೆಯ ನಿಯಮವಾಗಿತ್ತು. ನಾನು ಬಾಯಿ ತೆರೆದರೆ ಅಮ್ಮ, “ಬೇಡ ಕಣೋ, ಆ ಮಾತು ಎತ್ತಬೇಡ, ತಾನೇ ಮರೀತಾಳೆ” ಎಂದು ತಡೆಯುತ್ತಿದ್ದರು. ಒಂದು ಬುಧವಾರ ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಮರೆತೆ. ನೆನಪಾಗಿ ಓಡಿ ಬಂದರೆ ಚಂದನ ಗೋಡೆಗೊರಗಿ ಕೂತು ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. “ನಿಮ್ಮ ಮಗು ಈಗ ನಿಮ್ಮನ್ನು ನೋಡಿ ನಗಬಹುದು” ಎನ್ನುತ್ತಿತ್ತು ದನಿ. “ನನ್ ಪಾಪ ಇಲ್ಲಮ್ಮ, ಹೋಗ್ಬಿಟ್ಲು” ಎಂದು ಇವಳು ಮೆಲ್ಲಗೆ ಉತ್ತರ ಕೊಡುತ್ತಿದ್ದಳು. ದನಿ ನಿಲ್ಲದೆ ಮುಂದುವರಿಯಿತು: “ಮತ್ತೊಮ್ಮೆ ಕೇಳಲು ಒಂದನ್ನು ಒತ್ತಿ.”

ಅವಳು ಒಂದನ್ನು ಒತ್ತಿದಳು.

ನಾನು ಫೋನ್ ಕಿತ್ತುಕೊಂಡೆ. ಅವಳು ಅಳಲಿಲ್ಲ. “ಕಿತ್ಕೋಬೇಡ್ರೀ” ಅಂದಳು. “ಈ ಮನೇಲಿ ಯಾರೂ ಅವಳ ಮಾತೇ ಆಡಲ್ಲ. ನೀವೂ ಆಡಲ್ಲ. ಇವಳೊಬ್ಳಾದ್ರೂ ಕೇಳ್ತಾಳೆ.”

ಫೋನನ್ನು ಅವಳ ಕೈಗೆ ವಾಪಸ್ ಕೊಟ್ಟೆ. ಈಗ ಬುಧವಾರ ಅಂಗಡಿಗೆ ಫೋನ್ ಒಯ್ಯುವುದಿಲ್ಲ.

ಕರೆಯನ್ನು ಕೊನೆಯವರೆಗೂ ಕೇಳುವ ತಾಯಂದಿರನ್ನು ನೀವು ಯೋಜನೆಯ ಯಶಸ್ಸೆಂದು ಎಣಿಸುತ್ತೀರಂತೆ. ಅಭಿನಂದನೆಗಳು. ಎರಡೆರಡು ಸಲ ಕೇಳುವ ಚಂದನಳಂಥ ತಾಯಿ ನಿಮಗೆ ಇನ್ನೆಲ್ಲಿ ಸಿಕ್ಕಾಳು? ನಮ್ಮಂಥ ಊರುಗಳಿಗೆ ಡಾಕ್ಟರನ್ನು ಕಳಿಸಲಾಗದೆ ದನಿಯನ್ನು ಕಳಿಸಿದಿರಿ, ಒಪ್ಪಿಕೊಂಡೆವು. ಆ ದನಿಗೆ ಅಷ್ಟೊಂದು ಮಾತು ಕಲಿಸಿದವರಿಗೆ, ತಾಯಿಯ ಒಂದು ಮಾತನ್ನು ಕೇಳಿಸಿಕೊಳ್ಳುವುದನ್ನು ಕಲಿಸಬೇಕೆಂದು ಹೊಳೆಯಲೇ ಇಲ್ಲವೇ? ಎಲ್ಲ ಮಗುವೂ ಬದುಕಿಯೇ ಹುಟ್ಟುತ್ತದೆಂದು ನಿಮಗೆ ಹೇಳಿದವರು ಯಾರು?

ಕರೆ ನಿಲ್ಲಿಸಿ ಎಂದು ಕೇಳಲು ಈ ಪತ್ರ ಬರೆಯಲು ಕೂತೆ. ಈಗ ಅದನ್ನು ಕೇಳಲೂ ಆಗುತ್ತಿಲ್ಲ. ನಿಲ್ಲಿಸಿದರೆ ಅವಳಿಗೆ ಏನಾದೀತೋ, ಮುಂದುವರಿಸಿದರೆ ಏನಾದೀತೋ, ನನಗೆ ತಿಳಿಯದು. ಆದ್ದರಿಂದ ನನ್ನ ಬೇಡಿಕೆ ಇಷ್ಟು: ಮಗು ಕಳೆದುಕೊಂಡ ಮನೆಯವರು ಅದನ್ನು ಹೇಳಿಕೊಳ್ಳಲು ನಿಮ್ಮ ಯೋಜನೆಯಲ್ಲಿ ಒಂದು ದಾರಿ ಮಾಡಿ. ನಮ್ಮ ಮನೆಯ ಕರೆ ನಿಲ್ಲಿಸುವ ಮೊದಲು ಉಸಿರಾಡುವ ಒಬ್ಬ ಹೆಣ್ಣುಮಗಳನ್ನು ಬೈರಕೂರಿಗೆ ಕಳಿಸಿ. ಆಕೆ ಚಂದನಳ ಪಕ್ಕ ಕೂತು, ಮಗು ಹೇಗಿತ್ತಮ್ಮ ಎಂದು ಒಂದು ಸಲ ಕೇಳಲಿ. ಕೂದಲು ಬಹಳ ಇತ್ತು ಸ್ವಾಮಿ. ಉಳಿದದ್ದನ್ನು ಚಂದನ ಹೇಳುತ್ತಾಳೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಈಗಲೂ ತಂದೆಯಾಗಿರುವ
ಶ್ರೀಧರ್
ಬೈರಕೂರು