ಬೆಟ್ಟ ಇಳಿದ ಮರುದಿನದ ಫೈನಲ್

ತಿಮ್ಮಯ್ಯ ಸಾರ್‌ಗೆ, ನಿಮ್ಮ ಗೇಟು ನಾಗರಾಜ ಮಾಡುವ ನಮಸ್ಕಾರಗಳು.

ಆ ಹೆಸರು ನೆನಪಿದೆಯಲ್ಲ? ನೀವೇ ಇಟ್ಟಿದ್ದು. ರೈಲ್ವೆ ಕಾಲೋನಿ ಮೈದಾನದಲ್ಲಿ ಕಾಲೇಜು ಫುಟ್‌ಬಾಲ್ ಟೀಮಿನ ಮೊದಲ ಪ್ರಾಕ್ಟೀಸು. ನನ್ನನ್ನು ರೈಟ್ ಬ್ಯಾಕ್ ಜಾಗದಲ್ಲಿ ನಿಲ್ಲಿಸಿದ್ದಿರಿ. ಎದುರಿನವರು ಚೆಂಡು ತಂದಾಗಲೆಲ್ಲ ನಾನು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದೆ. ನೀವು ಸೀಟಿ ಊದಿ ಆಟ ನಿಲ್ಲಿಸಿದಿರಿ. ನೀನು ಬ್ಯಾಕ್ ಅಲ್ಲ ಕಣಯ್ಯ, ಲೆವೆಲ್ ಕ್ರಾಸಿಂಗ್ ಗೇಟು, ಬಂದ ಗಾಡಿಗೆಲ್ಲ ತೆರೆದುಕೊಂಡು ನಿಲ್ಲುತ್ತೀಯ ಎಂದಿರಿ. ಇಡೀ ಟೀಮು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಮೇಲೆ ನಾನು ಎಷ್ಟು ಚೆನ್ನಾಗಿ ಆಡಿದರೂ ಆ ಹೆಸರು ಬಿಡಲಿಲ್ಲ. ಈಗ ನಾನು ಅರಸೀಕೆರೆ ಸ್ಟೇಷನ್ನಿನಲ್ಲೇ ಟಿಕೆಟ್ ಕೊಡುವ ಗುಮಾಸ್ತ. ಹಳೆಯ ಗೆಳೆಯರು ಕೌಂಟರಿನ ಕಿಂಡಿಗೆ ಬಗ್ಗಿ, ಗೇಟು, ಒಂದು ಬೀರೂರು ಕೊಡೋ ಎಂದು ಇವತ್ತಿಗೂ ಕೇಳುತ್ತಾರೆ. ಹಿಂದೆ ನಿಂತವರಿಗೆ ಏನೂ ಅರ್ಥವಾಗುವುದಿಲ್ಲ.

ನೀವು ತೀರಿಹೋದ ಸುದ್ದಿಯನ್ನು ನಮ್ಮ ಟೀಮಿನ ಲೋಕೇಶ ಮೊಬೈಲಿಗೆ ಕಳಿಸಿದ್ದ. ಡ್ಯೂಟಿ ಬದಲಾಯಿಸಿಕೊಂಡು ಹಳೇಬೀಡಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯ ಮುಂದೆ ನಿಮ್ಮ ಹೈಸ್ಕೂಲಿನ ಮಕ್ಕಳು ಯೂನಿಫಾರಂನಲ್ಲೇ ಕೂತಿದ್ದರು. ನಿಮ್ಮ ಮನೆಯ ಅಮ್ಮನವರು ನನ್ನನ್ನು ನೋಡಿ, ಊಟ ಮಾಡಿಕೊಂಡು ಹೋಗು ಎಂದರು, ಅಷ್ಟೆ. ನನಗೆ ಅಳು ಬಂತು ಸಾರ್, ಮುಚ್ಚಿಡುವುದೇನಿದೆ. ಆ ಫೈನಲ್ ವಿಚಾರವನ್ನು ಯಾರೂ ಎತ್ತಬಾರದು ಎಂದು ನಮ್ಮಿಂದ ಮಾತು ತೆಗೆದುಕೊಂಡಿದ್ದಿರಿ. ಎತ್ತಲೂ ಇಲ್ಲ. ಆದರೆ ಈಗ ನಿಮಗೇ ಒಂದು ಸುದ್ದಿ ತಿಳಿಸಬೇಕಾಗಿದೆ, ಅದಕ್ಕೆ ಆ ಫೈನಲ್‌ನಿಂದಲೇ ಶುರು ಮಾಡಬೇಕು. ಬೇಡ ಎನ್ನುತ್ತೀರಿ, ಗೊತ್ತು. ಸೀಟಿ ಈಗ ನಿಮ್ಮ ಕೈಯಲ್ಲಿಲ್ಲವಲ್ಲ...

ಆ ವರ್ಷ ನಮಗೆ ಕೋಡು ಮೂಡಿತ್ತು. ಸೆಮಿಫೈನಲ್ ಗೆದ್ದ ಸಂಜೆ ಮೈದಾನದಿಂದ ಬಸ್‌ಸ್ಟ್ಯಾಂಡಿನವರೆಗೆ ಕೂಗಾಡಿಕೊಂಡು ಬಂದೆವು. ಫೈನಲ್‌ಗೆ ಎದುರಾಳಿ ಯಾರು? ಅರೇಹಳ್ಳಿ ಕಡೆಯ ಒಂದು ಹೊಸ ಕಾಲೇಜು. ಕಾಫಿ ಎಸ್ಟೇಟಿನ ಕೂಲಿ ಲೈನ್ ಮನೆಗಳ ಹುಡುಗರು, ಅರ್ಧಕ್ಕರ್ಧ ಜನ ಕ್ಯಾನ್ವಾಸ್ ಶೂನಲ್ಲಿ ಆಡುವವರು. ಅದಕ್ಕೂ ಮುಂಚೆ ಬರೀ ಸ್ನೇಹಕ್ಕೆಂದು ಆಡಿದ ಆಟದಲ್ಲಿ ಅವರಿಗೆ ನಾಲ್ಕು ಗೋಲು ಹೊಡೆದಿದ್ದೆವು. ಕಾಲೇಜು ಆಫೀಸಿನ ಬೀರುವಿನಲ್ಲಿ ಕಪ್ಪಿಗೆ ಜಾಗ ಮಾಡಿ, ಒಳಗೆ ಕೆಂಪು ಬಟ್ಟೆ ಹಾಸಿಟ್ಟಿದ್ದರು. ವಾಲಗದವರಿಗೂ ಹೇಳಿಯಾಗಿತ್ತು. ನಿಮ್ಮದು ಆಗ ಪ್ರತಿ ಜೂನ್‌ನಲ್ಲಿ ಹೊಸದಾಗಿ ಆರ್ಡರ್ ಬರೆಸಿಕೊಳ್ಳುವ ತಾತ್ಕಾಲಿಕ ನೌಕರಿ. ಕಪ್ ಬರಲಿ ಮೇಷ್ಟ್ರೇ, ನಿಮ್ಮನ್ನು ಕಾಯಂ ಮಾಡುತ್ತೇವೆ ಎಂದು ಆಡಳಿತ ಮಂಡಳಿಯ ಅಧ್ಯಕ್ಷರು ನಮ್ಮೆಲ್ಲರ ಮುಂದೆ ಹೇಳಿದ್ದರು. ನೀವು ನಕ್ಕುಬಿಟ್ಟಿರಿ. ಆದರೆ ಅಮ್ಮನವರು ಆ ವಾರವೇ ಕಾಲೇಜಿನ ಹತ್ತಿರ ಬಾಡಿಗೆ ಮನೆ ನೋಡಿಕೊಂಡು ಬಂದಿದ್ದರಂತೆ. ಆಮೇಲೆ ಗೊತ್ತಾಯಿತು ನಮಗೆ.

ಲೋಕೇಶ ನಿಮ್ಮ ಮುಂದೆ ತಲೆ ತಗ್ಗಿಸಿ ನಿಂತ ಶುಕ್ರವಾರ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನೀವು ಗೋಲು ಕಂಬಕ್ಕೆ ಬಲೆ ಕಟ್ಟುತ್ತಿದ್ದಿರಿ. ಅವನು ನಮ್ಮ ಕ್ಯಾಪ್ಟನ್, ಹಾರನಹಳ್ಳಿಯವನು. ಅವನ ತಾಯಿ ಲಕ್ಕಮ್ಮ, ಟೀಮು ಫೈನಲ್‌ಗೆ ಬಂದರೆ ಹನ್ನೊಂದು ಜನರನ್ನೂ ಬರಿಗಾಲಲ್ಲಿ ಮಾಲೇಕಲ್ಲು ಬೆಟ್ಟ ಹತ್ತಿಸುತ್ತೇನೆ ಎಂದು ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದರು. ಮರುದಿನ ಶ್ರಾವಣದ ಕೊನೆಯ ಶನಿವಾರ. ಅದು ತಪ್ಪಿದರೆ ಇನ್ನೊಂದು ಶ್ರಾವಣ ಬರುವವರೆಗೂ ಕಾಯಬೇಕು, ಹರಕೆ ಬಾಕಿ ಇಟ್ಟುಕೊಂಡು ಭಾನುವಾರ ಫೈನಲ್ ಆಡುವುದಾದರೂ ಹೇಗೆ? ನೀವು ಬಲೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಿರಿ. ಕೊನೆಗೆ ಅವನ ಕಡೆ ತಿರುಗದೆಯೇ ಹೇಳಿದಿರಿ: "ಹೋಗ್ಬನ್ನಿ. ಇಳಿಯುವಾಗ ಮಾತ್ರ ಓಡ್ಬೇಡಿ."

ಬೆಟ್ಟದ ಬುಡಕ್ಕೆ ನೀವೂ ಸೈಕಲ್ಲಿನಲ್ಲಿ ಬಂದಿರಿ. ಮೇಲೆ ಬರಲಿಲ್ಲ. ನಮ್ಮ ಚಪ್ಪಲಿಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿಸಿ, ಪಕ್ಕದ ಕಲ್ಲಿನ ಮೇಲೆ ಪೇಪರ್ ಹಿಡಿದು ಕಾವಲು ಕೂತಿರಿ. ನಿಮ್ಮ ಹೆಸರಿನಲ್ಲಿ ತಿಮ್ಮಪ್ಪ, ಮನೆಯ ಗೋಡೆಯ ಮೇಲೆ ಬುದ್ಧ. ಹೆಸರು ಅಜ್ಜಿ ಇಟ್ಟಿದ್ದು, ಪಟ ನಾನು ತಂದಿದ್ದು, ಎರಡೂ ಇರಲಿ ಬಿಡು ಎಂದು ಒಮ್ಮೆ ನನಗೆ ಹೇಳಿದ್ದಿರಿ. ನಾವು ಗೋವಿಂದಾ ಎಂದು ಕೂಗುತ್ತ ಹತ್ತಿದೆವು. ಶನಿವಾರದ ಒಪ್ಪತ್ತು ಬೇರೆ, ಹೊಟ್ಟೆಯಲ್ಲಿ ಲಕ್ಕಮ್ಮ ತಂದಿದ್ದ ತಂಬಿಟ್ಟು ಬಿಟ್ಟರೆ ಏನೂ ಇಲ್ಲ. ಅವರು ಮಾತ್ರ ಕೂತು ಎದ್ದು ನಿಧಾನಕ್ಕೆ ಬರುತ್ತಿದ್ದರು. ಮೇಲೆ ಹೋದಮೇಲೆ ನಮ್ಮ ಗೋತ್ರ ನಕ್ಷತ್ರ ಗೊತ್ತಿಲ್ಲದಿದ್ದರೂ ಒಬ್ಬೊಬ್ಬರ ಹೆಸರನ್ನೂ ನೆನಪಿಟ್ಟುಕೊಂಡು ಪೂಜಾರಿಗೆ ಹೇಳಿ ಅರ್ಚನೆ ಮಾಡಿಸಿದರು. ಆಮೇಲೆ ನಾವೇನು ಮಾಡಿದೆವು? ಇಳಿಯುವಾಗ ಪಂದ್ಯ ಕಟ್ಟಿಕೊಂಡು ಓಡಿದೆವು. ಇಪ್ಪತ್ತು ವರ್ಷದ ಹುಡುಗರಿಗೆ ಓಡಬೇಡಿ ಎಂದರೆ ಅದು ಓಡಿ ಎಂದೇ ಕೇಳಿಸುತ್ತದೆ ಸಾರ್, ನಿಮಗೆ ಗೊತ್ತಿಲ್ಲದ್ದೇ? ನೀವು ಪೇಪರ್ ಮಡಿಸಿ ನಮ್ಮ ಕಾಲುಗಳನ್ನು ನೋಡಿದಿರಿ. ಬಿಸಿನೀರಲ್ಲಿ ಕಾಲಿಟ್ಟುಕೊಳ್ಳಿ, ಬೇಗ ಮಲಗಿ ಎಂದಿರಿ.

ಭಾನುವಾರ ಬೆಳಿಗ್ಗೆ ನಾನು ಕಕ್ಕಸಿನಲ್ಲಿ ಕೂತವನು ಏಳಲಾರದೆ ಗೋಡೆ ತಬ್ಬಿಕೊಂಡೆ. ತೊಡೆಗಳು ನನ್ನವೇ ಅಲ್ಲ. ಮೈದಾನಕ್ಕೆ ಬಂದರೆ ಎಲ್ಲರದೂ ಅದೇ ಕಥೆ, ಅಂಗಾಲಲ್ಲಿ ಬೊಬ್ಬೆ ಬೇರೆ. ಮೊದಲರ್ಧ ಹೇಗೋ ಮಾನ ಉಳಿಯಿತು. ಎರಡನೇ ಅರ್ಧದಲ್ಲಿ ಲೋಕೇಶನ ಕಾಲಿಗೆ ಚೆಂಡು ಸಿಕ್ಕಿತು, ಎದುರಿಗೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ನಿದ್ದೆಯಲ್ಲೂ ಗೋಲು ಹೊಡೆಯುವ ಹುಡುಗ ಕಾಲೆತ್ತಿದವನೇ ಮೀನಖಂಡ ಹಿಡಿದುಕೊಂಡು ಬಿದ್ದುಬಿಟ್ಟ. ಇನ್ನೇನು ಆಟ ಮುಗಿಯಿತು ಎನ್ನುವಾಗ ಅರೇಹಳ್ಳಿ ಕಡೆಯ ಒಬ್ಬ ಕುಳ್ಳ ಹುಡುಗ ನನ್ನ ಬಲಗಡೆಯಿಂದ ಹೋದ. ಅವನು ಬರುವುದು ಕಂಡಿತು, ಎಲ್ಲಿಗೆ ಹೋಗುತ್ತಾನೆಂದೂ ಗೊತ್ತಿತ್ತು, ಕಾಲು ಏಳಲಿಲ್ಲ. ಒಂದು ಗೋಲು. ಅಷ್ಟೇ ಸಾಕಾಯಿತು. ಊರಿನ ಜನ ಕೂಗಲೂ ಇಲ್ಲ, ಎದ್ದು ಬಟ್ಟೆ ಕೊಡವಿಕೊಂಡು ಹೊರಟರು. ವಾಲಗದವರು ಡೋಲನ್ನು ಚೀಲಕ್ಕೆ ತುಂಬುತ್ತಿದ್ದರು. ನೀವು ಮಾಡಿದ ಮೊದಲ ಕೆಲಸ, ಆ ಕುಳ್ಳ ಹುಡುಗನ ಬೆನ್ನು ತಟ್ಟಿದ್ದು. ಅವರಿಗೆಲ್ಲ ಬಾಳೆಹಣ್ಣು, ಟೀ ಕೊಡಿಸಿ ಟೆಂಪೋ ಹತ್ತಿಸಿದಿರಿ. ನಮಗೆ ಹೊಟ್ಟೆ ಉರಿಯಿತು.

ಆಮೇಲೆ ಲಕ್ಕಮ್ಮ ನಿಮ್ಮ ಹತ್ತಿರ ಬಂದರು. ಸೆರಗು ಕೈಯಲ್ಲಿ ಹಿಂಡುತ್ತಿದ್ದರು. ಆ ಮಾತನ್ನು ನಾನು ಮರೆತಿಲ್ಲ. "ಯಾಕ್ ಸಾ ಹಿಂಗಾಯ್ತು? ನನ್ ಹರಕೇಲಿ ಏನಾರ ತಪ್ಪಾಯ್ತಾ?" ನಾವೆಲ್ಲ ನಿಮ್ಮ ಬಾಯನ್ನೇ ನೋಡಿದೆವು. ನೀವು ಹೇಳಿದಿರಿ: "ನೀವು ಫೈನಲ್‌ಗೆ ಬರ್ಲಿ ಅಂತ ಬೇಡ್ಕೊಂಡ್ರಿ, ಬಂದ್ವಲ್ಲಮ್ಮಾ. ಗೆಲ್ಲಿಸ್ಬೇಕಾಗಿದ್ದು ನಾನು. ಅದು ನನ್ ಕೆಲ್ಸ." ಅವರು ಕೈ ಮುಗಿದು ಹೋದಮೇಲೆ ನಮ್ಮನ್ನು ಗೋಲು ಕಂಬದ ಹಿಂದೆ ಕರೆದು, ಬೆಟ್ಟ ಹತ್ತಿದ್ದಕ್ಕೇ ಸೋತೆವು ಎನ್ನುವ ಮಾತು ಯಾರ ಬಾಯಲ್ಲೂ ಬರಕೂಡದು, ಆ ತಾಯಿಗೆ ಗೊತ್ತಾದರೆ ಜೀವನಪೂರ್ತಿ ಕೊರಗುತ್ತಾರೆ ಎಂದಿರಿ. ಲೋಕೇಶ ಅಳುತ್ತಿದ್ದ. ಅವನ ತಲೆಗೆ ಮೊಟಕಿದಿರಿ.

ಪ್ರಿನ್ಸಿಪಾಲರ ಕೋಣೆಯಲ್ಲಿ, ಹುಡುಗರಿಗೆ ಅತಿಯಾಗಿ ಪ್ರಾಕ್ಟೀಸ್ ಮಾಡಿಸಿದೆ, ತಪ್ಪು ನನ್ನದು ಎಂದು ನೀವೇ ಒಪ್ಪಿಕೊಂಡಿರಂತೆ. ಜವಾನನಿಂದ ನಮಗೆ ತಿಳಿಯಿತು. ಅಧ್ಯಕ್ಷರು ಕಾಯಂ ಮಾಡುವ ಮಾತನ್ನು ಮತ್ತೆ ಎತ್ತಲಿಲ್ಲ. ಮುಂದಿನ ಜೂನ್‌ನಲ್ಲಿ ಆರ್ಡರೂ ಬರಲಿಲ್ಲ. ನೀವು ಸಾಮಾನು ಕಟ್ಟಿಕೊಂಡು ಹಳೇಬೀಡಿನ ಹೈಸ್ಕೂಲಿಗೆ ಡ್ರಿಲ್ ಮೇಷ್ಟ್ರಾಗಿ ಹೋದಿರಿ. ಊರಿನಲ್ಲಿ ಎಷ್ಟು ದಿನ ಹೇಳಿಕೊಂಡರು ಗೊತ್ತೇ, ಒಳ್ಳೆಯ ಟೀಮನ್ನು ಆ ಮೇಷ್ಟ್ರು ಹಾಳು ಮಾಡಿದ ಎಂದು. ಟೀ ಅಂಗಡಿಯಲ್ಲಿ ಅದನ್ನು ಕೇಳಿಸಿಕೊಂಡು ಹಲ್ಲು ಕಚ್ಚಿ ಕೂರುವುದು ಫೈನಲ್ ಸೋತದ್ದಕ್ಕಿಂತ ಕಷ್ಟವಾಗಿತ್ತು. ನಿಮಗೆ ಕೊಟ್ಟ ಮಾತು ತಾನೇ, ಏನು ಮಾಡುವುದು?

ಒಮ್ಮೆ ಹಳೇಬೀಡಿಗೆ ಬಂದಾಗ ಕೆರೆ ಏರಿಯ ಮೇಲೆ ನಡೆಯುತ್ತ ನಿಮ್ಮನ್ನು ಕೇಳಿಯೇಬಿಟ್ಟೆ. ಅಷ್ಟು ಗೊತ್ತಿದ್ದವರು ಬೇಡ ಎನ್ನಬಹುದಿತ್ತಲ್ಲ? ನನಗೆ ಒಂದು ಅನುಮಾನ ಇತ್ತು. ಕಾಲೇಜಿನ ಗಣಪತಿ ಪೂಜೆಗೆ ನೀವು ಕೈಕಟ್ಟಿ ದೂರ ನಿಂತಾಗ ಮಂಡಳಿಯವರೊಬ್ಬರು, ಅವರು ಬುದ್ಧನ ಕಡೆಯವರಲ್ಲವಾ ಎಂದು ಓರೆಯಾಗಿ ನಕ್ಕಿದ್ದನ್ನು ನಾನು ನೋಡಿದ್ದೆ. ನೀವು ಬೆಟ್ಟಕ್ಕೆ ಹೋಗಬೇಡಿ ಎಂದಿದ್ದರೆ ಊರು ಅದಕ್ಕೆ ಬೇರೆಯದೇ ಬಣ್ಣ ಕಟ್ಟುತ್ತಿತ್ತು. ಅದಕ್ಕೆ ಹೆದರಿದಿರಾ ಎಂದು ಕೇಳಿದೆ. ನೀವು ನಿಂತುಬಿಟ್ಟಿರಿ. "ಹೆದರಿಕೆ ಅಲ್ಲ ಕಣಯ್ಯ. ಆಯಮ್ಮ ಮಗನೊಬ್ಬನಿಗೇ ಹರಕೆ ಹೊರಲಿಲ್ಲ, ಹನ್ನೊಂದು ಜನಕ್ಕೂ ಹೊತ್ರು. ಅದರಲ್ಲಿ ನಮ್ಮ ಕೇರಿ ಹುಡುಗ್ರು ಮೂರು ಜನ ಇದ್ರು. ಅವರ ಹೆಸ್ರು ಹಿಡಿದು ನಮ್ಮ ತಾಯಂದಿರು ಬಿಟ್ರೆ ಬೇರೆ ಯಾರು ದೇವರನ್ನ ಬೇಡ್ಕೊಂಡಿದ್ರು? ಅದನ್ನ ನಾನು ಬೇಡ ಅನ್ಲಾ?" ಆಮೇಲೆ ನೀವು ಶಾಲೆಯ ಖೋಖೋ ಟೀಮಿನ ವಿಷಯ ತೆಗೆದಿರಿ. ಕಪ್ಪು, ಕೆಲಸ, ಬಾಡಿಗೆ ಮನೆ, ಎಲ್ಲವನ್ನೂ ಇಷ್ಟಕ್ಕೆ ಬಿಟ್ಟುಕೊಟ್ಟಿರಾ ಎಂದು ಕೇಳಬೇಕೆನ್ನಿಸಿತು. ಇಷ್ಟಕ್ಕೆ ಎನ್ನುವ ಮಾತೇ ನಾಲಿಗೆಗೆ ಬರಲಿಲ್ಲ.

ಹೋದ ಭಾನುವಾರ ಹಾರನಹಳ್ಳಿಗೆ ಹೋಗಿದ್ದೆ. ಇದೇ ಸಾರ್, ನಿಮಗೆ ತಿಳಿಸಬೇಕಾದ ಸುದ್ದಿ. ಲೋಕೇಶ ಈಗ ಬೇಲೂರಿನಲ್ಲಿ ಬಸ್ ಡ್ರೈವರು. ನೀವು ತೀರಿಕೊಂಡಿದ್ದನ್ನು ಅಮ್ಮನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ, ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದ. ಲಕ್ಕಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ವಯಸ್ಸಾಗಿದೆ, ಮಂಡಿ ನೋವು, ಬೆಟ್ಟ ಹತ್ತುವುದನ್ನು ಬಿಟ್ಟಿದ್ದಾರೆ. ವಿಷಯ ಕೇಳಿ ಮೊರವನ್ನು ಪಕ್ಕಕ್ಕಿಟ್ಟರು. ಹಂಗಾದ್ರೆ ಇನ್ನು ಹೇಳಬೋದು ಎಂದರು. ಏನನ್ನು ಎಂದೆ.

ಅವರಿಗೆ ಗೊತ್ತಿತ್ತು, ಸಾರ್.

ಆ ಭಾನುವಾರ ಬೆಳಿಗ್ಗೆ ಮಗನ ಕಾಲಿಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದವರೇ ಅವರು. ಮುಟ್ಟಿದರೆ ಸಾಕು ಹುಡುಗ ಚೀರುತ್ತಿದ್ದನಂತೆ. ಆಟ ಶುರುವಾಗುವ ಮೊದಲೇ ಅವರಿಗೆ ಅರ್ಥವಾಗಿಹೋಗಿತ್ತು. ಹಾಗಾದರೆ ಸೋತಮೇಲೆ ಮೇಷ್ಟ್ರ ಹತ್ತಿರ ಬಂದು ಹಾಗೆ ಏಕೆ ಕೇಳಿದಿರಿ ಎಂದೆ. ಬೈಸಿಕೊಳ್ಳುವುದಕ್ಕೆ ಎಂದರು. ನೀವು ನಾಲ್ಕು ಮಾತು ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತಂತೆ. ಇಷ್ಟೇ ಅಲ್ಲ. ನಿಮ್ಮನ್ನು ಕಾಲೇಜಿನಿಂದ ಬಿಡಿಸಿದ್ದು ಗೊತ್ತಾದ ದಿನ, ಮಗನಿಗೂ ಹೇಳದೆ ಬಸ್ಸು ಹತ್ತಿ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತು, ತಪ್ಪು ನಂದು, ನನ್ನ ಹರಕೆಯಿಂದ ಹುಡುಗರು ಸೋತರು, ಮೇಷ್ಟ್ರನ್ನು ಉಳಿಸಿಕೊಳ್ಳಿ ಎಂದು ಕೇಳಿಕೊಂಡಿದ್ದಾರೆ. ಪ್ರಿನ್ಸಿಪಾಲರು ನಕ್ಕರಂತೆ. ಹರಕೆ ತೀರಿಸಿ ಯಾರಾದರೂ ಸೋಲುತ್ತಾರೇನಮ್ಮ ಎಂದು ಹೇಳಿ ಕಳಿಸಿಬಿಟ್ಟರಂತೆ.

ಇಷ್ಟು ವರ್ಷ ಮೇಷ್ಟ್ರಿಗೇಕೆ ಹೇಳಲಿಲ್ಲ, ಹಳೇಬೀಡೇನು ದೂರವೇ ಎಂದು ನಾನು ರೇಗಿಯೇಬಿಟ್ಟೆ. ಅವರು ಕಣ್ಣೊರೆಸಿಕೊಂಡರು. "ನಂಗೆ ಗೊತ್ತಾಗ್ಬಾರ್ದು ಅಂತ್ಲೇ ಅಲ್ವೇನಪ್ಪಾ ಆ ಮನ್ಸ ಕೆಲಸ ಕಳ್ಕೊಂಡಿದ್ದು? ಗೊತ್ತೈತೆ ಅಂತ ಎದುರಿಗೆ ಹೋಗಿ ಎಂಗ್ ಹೇಳ್ಲಿ? ಕಳ್ಕೊಂಡಿದ್ದೂ ದಂಡ ಆಗೋಗ್ತಿತ್ತು."

ಹೊರಡುವಾಗ ಚೀಲದ ತುಂಬ ಅವರೆಕಾಯಿ ಕೊಟ್ಟು ಬಸ್‌ಸ್ಟಾಪಿನವರೆಗೂ ಕುಂಟುತ್ತ ಬಂದರು. ಬಸ್ಸು ಬಂದಾಗ ನನ್ನ ತೋಳು ಹಿಡಿದು, ನೀನು ಓದು ಬರಹ ಬಲ್ಲವನು, ಎಲ್ಲಿದ್ದರೂ ಅವರಿಗೆ ಒಂದು ಮಾತು ಮುಟ್ಟಿಸು, ಲಕ್ಕಮ್ಮನಿಗೆ ಗೊತ್ತಿತ್ತು ಅಂತ ಎಂದರು.

ಮುಟ್ಟಿಸಿದ್ದೇನೆ, ಸಾರ್.

ನಿಮ್ಮ,
ನಾಗರಾಜ