ಸಾಲಿನ ಕೊನೆಯ ದನಿ

ಮಂಗಳವಾರ, ಹದಿನಾಲ್ಕನೇ ತಾರೀಖು
ಹೋಟೆಲಿನ ಕೋಣೆಯಿಂದ, ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ಹೇಗಿದ್ದೀರಿ? ಅಣ್ಣ, ಪುಟ್ಟಿ ಎಲ್ಲ ಕ್ಷೇಮವೇ? ನಿಮ್ಮ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯದ ಈ ಸೋಮಾರಿಯನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿರೋ! ಬೈದದ್ದೆಲ್ಲ ನನಗೆ ಸಲ್ಲಬೇಕಾದ್ದೇ, ಕ್ಷಮಿಸಿಬಿಡಿ. ಹದಿನೆಂಟು ದಿನದಲ್ಲಿ ಹನ್ನೊಂದು ಊರು ಸುತ್ತಿದ್ದೇನೆ. ಬೆಳಿಗ್ಗೆ ಕಣ್ಣುಬಿಟ್ಟರೆ ಬಚ್ಚಲಮನೆ ಬಾಗಿಲು ಯಾವ ಕಡೆಗಿದೆ ಎಂದು ಹುಡುಕುವುದೇ ಒಂದು ಕೆಲಸ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡಿ. ಫೋನಿನಲ್ಲಾದರೆ ನೀವು ನನಗೆ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ.

ಮೊದಲು ಸಂತೋಷದ ಸುದ್ದಿ. ಹೋದ ಪತ್ರದಲ್ಲೇ ಬರೆದಿದ್ದೆ, ಆದರೂ ಇನ್ನೊಮ್ಮೆ ಬರೆಯದೆ ಇರಲಾರೆ. ಕುಳಿತುಕೊಂಡು ಓದಿ. ಬರುವ ಶನಿವಾರ ಸಂಜೆ ಐದಕ್ಕೆ ನಮ್ಮೂರಿನ ದೊಡ್ಡ ಕ್ರೀಡಾಂಗಣದಲ್ಲಿ ನನ್ನ ಕಾರ್ಯಕ್ರಮ! ಶಾಲೆಯಲ್ಲಿದ್ದಾಗ ಓಟದ ಪಂದ್ಯಕ್ಕೆ ಹೋಗಿ ಎಲ್ಲರೆದುರು ಮುಗ್ಗರಿಸಿ ಬಿದ್ದೆನೆಂದು ಹೇಳಿದ್ದೆನಲ್ಲ, ಅದೇ ಮೈದಾನ. ಟಿಕೆಟ್ಟುಗಳು ಎರಡೇ ದಿನದಲ್ಲಿ ಖಾಲಿಯಾದವಂತೆ. ಕಂಡ ಕಂಡ ಗೋಡೆಯ ಮೇಲೆಲ್ಲ ನನ್ನ ಮುಖ, ಕೆಳಗೆ ದಪ್ಪಕ್ಷರದಲ್ಲಿ ‘ಇಸ್ತ್ರಿ’ ಎಂದು ಹೆಸರು. ಲಾಂಡ್ರಿಯಲ್ಲಿ ಗೇಲಿಗೆಂದು ಇಟ್ಟ ಅಡ್ಡಹೆಸರನ್ನು ಈಗ ಕಾಲೇಜು ಹುಡುಗಿಯರು ಅಂಗಿಯ ಮೇಲೆ ಬರೆಸಿಕೊಂಡು ಓಡಾಡುತ್ತಿದ್ದಾರೆ. ಆ ಅಂಗಿಗಳು ಮಾತ್ರ ಮುದ್ದೆಮುದ್ದೆ. ಬಿಚ್ಚಿಸಿ ಒಂದು ಸಲ ಇಸ್ತ್ರಿಪೆಟ್ಟಿಗೆ ಎಳೆದುಕೊಡೋಣ ಅನ್ನಿಸುತ್ತದೆ.

ಭಾನುವಾರದ ಕಾರ್ಯಕ್ರಮವನ್ನು ನೀವು ನೋಡಬೇಕಿತ್ತು. ಮೊದಲ ಸಾಲು ಶುರುಮಾಡಿದೆ. ಕೊನೆಯ ಪದದ ಹೊತ್ತಿಗೆ ಉಸಿರೆಳೆದುಕೊಳ್ಳಲು ನಿಲ್ಲಿಸಿದೆ, ಅಷ್ಟೇ. ಅಷ್ಟೂ ಜನ ಒಂದೇ ಬಾಯಲ್ಲಿ ಆ ಪದವನ್ನು ಕೂಗಿಬಿಟ್ಟರು! ನನಗೆ ಎರಡನೇ ಸಾಲು ಮರೆತೇಹೋಯಿತು. ಮುಂದಿನ ಸಾಲಿನಲ್ಲಿದ್ದ ತಲೆನರೆತ ಹೆಂಗಸೊಬ್ಬರು ‘ಹೇಳಮ್ಮಾ, ಮುಂದಿಂದು ಹೇಳು’ ಎಂದು ನನ್ನನ್ನೇ ಗದರಿದರು.

ಹೀಗೆ ಹಾಡುವುದನ್ನು ನನಗೆ ಯಾವ ಗುರುವೂ ಕಲಿಸಿದ್ದಲ್ಲ. ಹೋಟೆಲುಗಳ ಬೆಡ್‌ಶೀಟು ರಾಶಿ ಬೀಳುತ್ತಿದ್ದ ಲಾಂಡ್ರಿಯ ಆ ಕೋಣೆಯಲ್ಲಿ ಬಟ್ಟೆ ಒತ್ತುವ ಸ್ಟೀಮ್ ಪ್ರೆಸ್ಸಿನ ಮುಚ್ಚಳ ಧಬ್ ಧಬ್ ಎಂದು ಬೀಳುವುದೇ ನಮ್ಮ ತಾಳ. ನಾನು ಒಂದೇ ಉಸಿರಿನಲ್ಲಿ ಮಾತು ಓಡಿಸುವುದು, ಕೊನೆಯ ಪದ ಮಾತ್ರ ನೀವು ಹಿಡಿದು ಮುಚ್ಚಳದ ಜೊತೆಗೇ ಬಡಿಯುವುದು. ಆ ಒಂದು ಪದದ ಬಿಡುವಿನಲ್ಲಿ ನಾನು ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ತಯಾರು. ಮೇಲ್ವಿಚಾರಕರು ಬಂದು, ‘ಅತ್ತಿಗೆ ನಾದಿನಿ ಹಾಡ್ತಿದ್ದೀರೋ, ಜಗಳ ಆಡ್ತಿದ್ದೀರೋ?’ ಎಂದು ಕೇಳಿದಾಗ ನೀವು ತಲೆ ಎತ್ತದೆ, ‘ಎರಡೂ ಸಾರ್, ಒಂದೇ ಸಂಬಳಕ್ಕೆ’ ಅಂದಿರಿ. ಅವರು ನಗು ತಡೆಯಲಾರದೆ ಹೊರಗೆ ಓಡಿಹೋದರು. ಇದಕ್ಕೆ ರ‍್ಯಾಪ್ ಅನ್ನುತ್ತಾರೆ ಎಂದು ನಮಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ.

ರಜೆಯ ದಿನ ಕಂಬಳಿ ಮಾಮನ ಕೋಣೆಗೆ ಹೋಗಿ ರೆಕಾರ್ಡ್ ಮಾಡಿಸಿದ್ದೆವಲ್ಲ. ದನಿ ಮಾರ್ದನಿಗೊಳ್ಳದಿರಲೆಂದು ನಾಲ್ಕೂ ಗೋಡೆಗೆ ಕಂಬಳಿ ಹೊದಿಸಿಟ್ಟು ಒಳಗೆ ಬೆವರುತ್ತ ಕೂತಿರುವ ಆ ಪುಣ್ಯಾತ್ಮ ಈಗಲೂ ನನ್ನ ಜೊತೆಗೇ ಇದ್ದಾರೆ. ಅವರು ಹಾಡನ್ನು ಇಂಟರ್‌ನೆಟ್ಟಿಗೆ ಹಾಕಿದ್ದು ಸೋಮವಾರ. ಗುರುವಾರ ನಾನು ಹತ್ತಿದ ಬಸ್ಸಿನ ಡ್ರೈವರು ಅದನ್ನೇ ಗುನುಗುತ್ತಿದ್ದ! ಇಳಿಯುವ ಸ್ಟಾಪು ದಾಟಿದರೂ ನಾನು ಏಳಲಿಲ್ಲ. ಮರುತಿಂಗಳು ಹಾಡು ಬಿಡುಗಡೆ ಮಾಡುವ ಕಂಪನಿಯವರು ಕರೆದರು, ಸಹಿ ಹಾಕಿಸಿಕೊಂಡರು. ಆಮೇಲೆ ನನ್ನ ಕಾಲು ನೆಲದ ಮೇಲೆ ನಿಂತದ್ದೇ ಇಲ್ಲ.

ನಿಮ್ಮ ಹಳೇ ಫೋನಿನಲ್ಲಿ ಇಂಟರ್ನೆಟ್ಟಿಲ್ಲ, ಹಾಡನ್ನು ನೀವು ಮೊದಲ ಸಲ ಕೇಳಿದ್ದೇ ರೇಡಿಯೋದಲ್ಲಿ. ಕೇಳಿದವರೇ ಲಾಂಡ್ರಿಯಿಂದ ಫೋನ್ ಮಾಡಿದಿರಿ. ಹಿಂದೆ ಪ್ರೆಸ್ಸಿನ ಸದ್ದಿನಲ್ಲಿ ಅರ್ಧ ಮಾತು ಕೇಳಲಿಲ್ಲ. ‘ಬಂತು ಕಣೇ, ಬಂತು! ಎಲ್ಲರೂ ಕೆಲಸ ಬಿಟ್ಟು ಕೇಳಿದ್ವಿ!’ ಎಂದು ಕಿರುಚಿದಿರಿ. ಆಮೇಲೆ ತಗ್ಗಿದ ದನಿಯಲ್ಲಿ, ‘ನಿನ್ನ ಜೊತೆ ಹಾಡಿರೋ ಹುಡುಗಿ ಯಾರೇ? ಏನು ಗಟ್ಟಿ ದನಿ! ಕಂಪನಿಯವ್ರು ನನ್ನ ತೆಗೆದು ಅವಳನ್ನ ಹಾಕಿದ್ದು ಒಳ್ಳೇದೇ ಆಯ್ತು ಬಿಡು. ನಾನೆಲ್ಲಿ, ಅವಳೆಲ್ಲಿ’ ಅಂದಿರಿ. ನಾನು ಹೂಂ ಅಂದೆ.

ಈಗ ಅಸಲು ವಿಷಯ. ಶನಿವಾರ ನನ್ನ ಪಕ್ಕದಲ್ಲಿ ನಿಂತು ಸಾಲಿನ ಕೊನೆ ಹಿಡಿಯಲು ಬನ್ನಿ ಎಂದು ಬೇಡಿಕೊಂಡರೆ ನೀವು ಬರೆದದ್ದೇನು? ‘ಆ ಹುಡುಗಿ ಇರುವಾಗ ನಾನು ಬಂದು ನಿಂತರೆ ಅವಳ ಹೊಟ್ಟೆ ಮೇಲೆ ಹೊಡೆದಂತೆ. ಅದು ನನ್ನಿಂದಾಗದು. ನೀನು ಗೆದ್ದೆ, ನನಗಷ್ಟೇ ಸಾಕು.’ ಈ ಮೂರು ಸಾಲನ್ನು ನಾನು ಪ್ರತಿ ಊರಿನಲ್ಲೂ ತೆಗೆದು ಓದಿದ್ದೇನೆ. ಅಣ್ಣನಿಗೆ ಫೋನ್ ಮಾಡಿ ನೀನಾದರೂ ಹೇಳು ಅಂದರೆ, ‘ನನ್ನ ಮಾತು ಅವಳು ಯಾವತ್ತು ಕೇಳಿದ್ದಾಳೆ? ನೀನೇ ಬರಿ. ನೀನು ಬರೆದದ್ದಾದ್ರೆ ಎರಡು ಸಲ ಓದ್ತಾಳೆ’ ಅಂದ. ಅದಕ್ಕೇ ಕೂತಿದ್ದೇನೆ.

ಬನ್ನಿ ಅತ್ತಿಗೆ. ಎರಡನೇ ಮೈಕು ಹೇಳಿಟ್ಟಿದ್ದೇನೆ. ಸೀರೆಯೋ, ಕೆಲಸದ ಕೋಟೋ, ಯಾವುದು ಹಾಯೆನಿಸುತ್ತದೋ ಅದರಲ್ಲೇ ಬನ್ನಿ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕ್ರೀಡಾಂಗಣದಲ್ಲೇ ಅಭ್ಯಾಸ. ಜನ ಕಂಡರೆ ಬಾಯಿ ಒಣಗುತ್ತದೆ ಅನ್ನುತ್ತೀರೇನೋ. ನನಗೂ ಒಣಗುತ್ತದೆ. ಮೊದಲ ಸಾಲು ಮುಗಿಯುವವರೆಗೆ ಮಾತ್ರ.

ಅಣ್ಣನಿಗೆ ನನ್ನ ನೆನಪು ತಿಳಿಸಿ. ಪುಟ್ಟಿಗೆ ನೂರು ಮುತ್ತು. ಅವಳು ನೂರು ವರ್ಷ ಸುಖವಾಗಿ ಬಾಳಲಿ, ನಿಮ್ಮ ಬಾಯಿ ಅವಳಿಗೂ ಬರಲಿ. ನೀವು ನಗುನಗುತ್ತ ಚೆನ್ನಾಗಿರಿ.

ನಿಮ್ಮ ನಾದಿನಿ,
ಇಸ್ತ್ರಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಂಥ ಹುಡುಗಿ ಯಾರೂ ಇಲ್ಲ. ಕಂಪನಿಯವರು ಯಾರನ್ನೂ ಬದಲಾಯಿಸಲಿಲ್ಲ, ಹೊಸದಾಗಿ ರೆಕಾರ್ಡೂ ಮಾಡಲಿಲ್ಲ. ರೇಡಿಯೋದಲ್ಲಿ ಬರುವುದು ಕಂಬಳಿ ಮಾಮನ ಕೋಣೆಯಲ್ಲಿ ನಾವಿಬ್ಬರೂ ಹಾಡಿದ್ದೇ. ಅವತ್ತು ನಿಮಗೆ ವಿಪರೀತ ನೆಗಡಿ. ತಮ್ಮ ದನಿಯನ್ನು ಹೊರಗಿನಿಂದ ಮೊದಲ ಸಲ ಕೇಳಿದವರಿಗೆ ಅದು ತಮ್ಮದೆಂದು ಗೊತ್ತೇ ಆಗುವುದಿಲ್ಲವಂತೆ, ಮಾಮ ಹೇಳಿದರು. ಸಹಿ ಹಾಕುವ ದಿನ ಕಂಪನಿಯ ಮೇಡಂ, ‘ಆ ಇನ್ನೊಂದು ದನಿ ಯಾರದು?’ ಎಂದು ಕೇಳಿದರು. ‘ಅದೂ ನಂದೇ. ಎರಡು ಸಲ ಹಾಡಿ ಒಂದರ ಮೇಲೊಂದು ಸೇರಿಸಿದ್ದು’ ಅಂದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೆ ಮಾಡುವುದರಿಂದ ಅವರು ತಕ್ಷಣ ನಂಬಿದರು. ‘ಒಬ್ಬಳೇ ಹುಡುಗಿ, ಎರಡು ದನಿ! ಅದ್ಭುತ!’ ಎಂದು ಕೈಕುಲುಕಿದರು. ನನ್ನ ಕತ್ತು ಯಾರೂ ಹಿಡಿದಿರಲಿಲ್ಲ ಅತ್ತಿಗೆ. ಹೊಗಳಿಕೆ ಇಬ್ಬರಿಗೆ ಹಂಚಿಹೋಗುತ್ತದಲ್ಲ ಅನ್ನಿಸಿತು, ಅಷ್ಟೇ. ನಿನ್ನೆ ಅವರಿಗೆ ನಿಜ ಹೇಳಿದೆ. ‘ಈಗ ಬಾಯಿಬಿಟ್ರೆ ಜನ ನಿಮ್ಮನ್ನ ಉಗೀತಾರೆ, ಸುಮ್ನಿರಿ’ ಅಂದರು. ಉಗಿಯಲಿ. ನೀವು ಬಂದರೂ ಬರದಿದ್ದರೂ ಶನಿವಾರ ಮೈಕಿನಲ್ಲಿ ನಾನು ಇದನ್ನು ಹೇಳುವುದೇ. ಆದರೆ ಊರಿಗೆಲ್ಲ ಹೇಳುವ ಮೊದಲು ನಿಮಗೆ ಹೇಳಬೇಕಿತ್ತು. ಯಾರ ಹೊಟ್ಟೆಯ ಮೇಲೆ ಹೊಡೆಯಬಾರದೆಂದು ನೀವು ಬರುವುದಿಲ್ಲ ಅಂದಿರೋ, ಅವಳು ನೀವೇ. ಹೊಡೆದವಳು ನಾನು.